ಮೂವತ್ತೈದನೆಯ ಕಿಲೋಮೀಟರು

ಫಲಕವನ್ನು ಶಾಲಿನೊಳಗೆ ಸೇರಿಸಿಕೊಂಡು ನೀಲಗಂಗಾ ಇನ್ನೇನು ಬಾಗಿಲಿನ ಕಡೆ ತಿರುಗಬೇಕು, ವಿಜಯ್ ಕುಮಾರ್ ಎದುರಿಗೆ ಬಂದು ನಿಂತರು.

“ಏನ್ ಮೇಡಂ, ಅದನ್ನ ಎಲ್ಲಿಗೆ ತಗೊಂಡ್ ಹೊರಟ್ರಿ?”

ಐವತ್ತನಾಲ್ಕು ವರ್ಷದ ಹೆಂಗಸು, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಹನ್ನೆರಡು ಜನರ ಮೇಲೆ ಅಧಿಕಾರ ನಡೆಸುವವಳು, ಲಿವೋನಿಯಾದ ಈ ಫ್ಯೂನರಲ್ ಹೋಮಿನಲ್ಲಿ, ಅದೂ ಶವಪೆಟ್ಟಿಗೆಯಿಂದ ಆರು ಅಡಿ ದೂರದಲ್ಲಿ, ಕಳ್ಳಿಯ ಹಾಗೆ ಸಿಕ್ಕಿಬಿದ್ದಿದ್ದಳು. ಫಲಕವಾದರೂ ಮುಚ್ಚಿಕೊಳ್ಳುವಂಥದ್ದೇ? ಊಟದ ಮಣೆಯಷ್ಟು ಅಗಲ. ನಡುವೆ ಹಿತ್ತಾಳೆಯ ತಗಡು, ಎರಡು ಬದಿಗೂ ಗಂಡಭೇರುಂಡ. ಅದರಲ್ಲೊಂದು ಆಗಲೇ ತನ್ನ ಎರಡೂ ತಲೆಗಳನ್ನು ಶಾಲಿನಿಂದ ಹೊರಗೆ ಹಾಕಿತ್ತು.

“ಒರಸೂಣು ಅಂತ ತಗೊಂಡೆರಿ,” ಎಂದಳು.

“ಫಳಫಳ ಅಂತಿದೆ, ಇನ್ನೇನ್ ಒರಸ್ತೀರಾ. ಇಡಿ ಮೇಡಂ. ನಮ್ಮ ಬಳಗದ ಹೆಸರಿದೆ ಅದರ ಮೇಲೆ, ನಾಲ್ಕು ಜನ ನೋಡ್ಲಿ.”

ವಿಜಯ್ ಕುಮಾರ್ ಮೈಸೂರಿನವರು, ಕನ್ನಡ ಬಳಗದ ಅಧ್ಯಕ್ಷರು. ಇದು ಮೂರನೆಯ ಸಲದ ಅಧ್ಯಕ್ಷಗಿರಿ. ಅವರು ತಾವೇ ಫಲಕವನ್ನು ಅವಳ ಕೈಯಿಂದ ತೆಗೆದುಕೊಂಡು, ಕಪ್ಪು ಪಟ್ಟಿ ಕಟ್ಟಿದ ಫೋಟೋದ ಪಕ್ಕದಲ್ಲಿ, ಮೊದಲಿದ್ದ ಜಾಗಕ್ಕಿಂತ ಒಂದು ಗೇಣು ಮುಂದಕ್ಕೇ ಇಟ್ಟರು.

ಫೋಟೋದಲ್ಲಿ ತಾಕ್ ಮ್ಯೊಂಗ್‌ಗು ಯಾರನ್ನೋ ಗದರಿಸಲು ಹೊರಟವರ ಹಾಗೆ ನೋಡುತ್ತಿದ್ದರು. ಎಪ್ಪತ್ತಾರು ವರ್ಷ. ಒಂದು ಕಾಲಕ್ಕೆ ಕೊರಿಯಾದಲ್ಲಿ ಮ್ಯಾರಥಾನ್ ಓಟಗಾರ. ನಲವತ್ತು ವರ್ಷದಿಂದ ಲಿವೋನಿಯಾದಲ್ಲಿ ಡ್ರೈಕ್ಲೀನಿಂಗ್ ಅಂಗಡಿ. ಕೊನೆಯ ಎಂಟು ವರ್ಷ ಕನ್ನಡದವರ ಓಟದ ಗುಂಪಿಗೆ ಗುರು. ಮಂಗಳವಾರ ಬೆಳಿಗ್ಗೆ ಅಂಗಡಿಯಲ್ಲಿ ಇಸ್ತ್ರಿಯ ಮೇಜಿನ ಮುಂದೆ ಕುಸಿದವರು ಮತ್ತೆ ಏಳಲಿಲ್ಲ.

ಫಲಕದ ಮೇಲೆ ಮೊದಲು ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಕೆತ್ತಿತ್ತು: ‘ಅಂತರರಾಷ್ಟ್ರೀಯ ಮ್ಯಾರಥಾನ್ ಕಂಚಿನ ಪದಕ ವಿಜೇತ’.

ಆ ಪದಕ ತಾಕ್ ಅವರದಲ್ಲ. ಅವರ ಜೊತೆಗೆ ಓಡುತ್ತಿದ್ದ ಹಳೆಯ ಗೆಳೆಯ ಯೋಮ್ ಅವರದು. ಈ ಫಲಕದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ಯೋಮ್ ಎರಡು ವರ್ಷದಿಂದ ತಾಕ್ ಜೊತೆ ಮಾತು ಬಿಟ್ಟಿದ್ದರು. ಅವರು ಇವತ್ತು ಶಿಕಾಗೋ ಪಕ್ಕದ ಓಕ್ ಬ್ರೂಕ್‌ನಿಂದ ಬರುತ್ತಿದ್ದಾರೆ. ಹನ್ನೊಂದಕ್ಕೆ ಇಲ್ಲಿರುತ್ತಾರೆ. ಬಂದವರ ಕಣ್ಣಿಗೆ ಮೊದಲು ಬೀಳುವುದು ಇದೇ. ಬದುಕಿದ್ದಾಗ ಸುಳ್ಳುಗಾರ ಅನ್ನಿಸಿಕೊಂಡವರು ಪೆಟ್ಟಿಗೆಯಲ್ಲಿ ಮಲಗಿಯೂ ಸುಳ್ಳುಗಾರರೇ ಆಗುತ್ತಾರೆ. ಆ ಸಾಲು ಬರೆದವಳು ನೀಲಗಂಗಾ. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ತಾಕ್ ಅವರ ಮಗಳು ಮಿನಾ ಹೂವಿನ ಬುಟ್ಟಿ ಸರಿಪಡಿಸುತ್ತ ಹತ್ತಿರ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ನಲವತ್ತರ ಆಸುಪಾಸು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಚೆನ್ನಾಗಿ ಕಾಣುತ್ತಿದೆ ಅಲ್ಲವಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. “ಅಪ್ಪ ಅದನ್ನು ಟಿವಿಯ ಪಕ್ಕದಲ್ಲಿ ಇಟ್ಟಿದ್ದರು. ಯಾವಾಗಲೂ ಮುಖ ಗೋಡೆಯ ಕಡೆಗೆ. ಬಿಸಿಲಿಗೆ ಬಣ್ಣ ಮಾಸುತ್ತದೆ ಅಂತಿರಬೇಕು. ನಿನ್ನೆ ನಾನೇ ತಿಕ್ಕಿ ಒರೆಸಿದೆ.”

ನೀಲಗಂಗಾ ಬಾಯಿ ತೆರೆದಳು. ಅಪ್ಪನ ಹೆಣದ ಮುಂದೆ ನಿಂತ ಮಗಳಿಗೆ, ನಿನ್ನಪ್ಪನಿಗೆ ಪದಕ ಬಂದಿರಲಿಲ್ಲ ಎಂದು ಹೇಗೆ ಹೇಳುವುದು? ಹೂವಿನ ಬುಟ್ಟಿ ಎತ್ತಿಡಲು ಕೈ ಜೋಡಿಸಿದಳು.

*

ಎಂಟು ವರ್ಷದ ಹಿಂದೆ ಒಂದು ಶನಿವಾರ, ಅಂಗಡಿ ಮುಚ್ಚುವ ಹೊತ್ತಿಗೆ, ಅವಳು ಇಳಕಲ್ ಸೀರೆಯನ್ನು ಎದೆಗೆ ಅವಚಿಕೊಂಡು ಪಾರ್ಕಿಂಗ್ ಲಾಟ್‌ನ ಆ ತುದಿಯಿಂದ ಈ ತುದಿಗೆ ಓಡಿ ಬಂದಿದ್ದಳು. ಸೆರಗಿನ ಮೇಲೆ ಎಣ್ಣೆಗಾಯಿಯ ಕಲೆ, ಮರುದಿನ ಯಾರದೋ ಗೃಹಪ್ರವೇಶ. ಕೌಂಟರಿಗೆ ಒರಗಿ ಏದುಸಿರು ಬಿಡುತ್ತಿದ್ದವಳನ್ನು ತಾಕ್ ಮೇಲಿಂದ ಕೆಳಗೆ ನೋಡಿದರು. ಕಲೆಯ ಮಾತೇ ಎತ್ತಲಿಲ್ಲ.

“ನೀನು ಓಡುವುದು ತಪ್ಪು. ತುಂಬಾ ಜೋರು,” ಎಂದರು ಮುರುಕು ಇಂಗ್ಲಿಷಿನಲ್ಲಿ. “ನಾಳೆ ಆರು ಗಂಟೆ. ಹೈನ್ಸ್ ಡ್ರೈವ್.”

ಸೀರೆ ಯಾವಾಗ ಸಿಗುತ್ತದೆ ಎಂದು ಹೇಳುವ ಧಾಟಿಯಲ್ಲೇ ಹೇಳಿದ್ದರು. ಅದೇ ವಾರ ಡಾಕ್ಟರು ಅವಳಿಗೆ ಶುಗರ್ ಶುರುವಾಗಿದೆ ಎಂದು ಹೆದರಿಸಿದ್ದರು. ಏನು ದೆವ್ವ ಬಡಿಯಿತೋ, ಭಾನುವಾರ ಆರಕ್ಕೆ ಆ ನದಿದಂಡೆಯ ರಸ್ತೆಗೆ ಹೋಗಿ ನಿಂತಳು. ತಾಕ್ ಆಗಲೇ ಬಂದು, ಕೈ ಹಿಂದೆ ಕಟ್ಟಿಕೊಂಡು ನದಿ ನೋಡುತ್ತಿದ್ದರು.

ಅವಳ ಹಿಂದೆ ಬಳಗದ ಭಾನುಪ್ರಿಯಾ ಬಂದಳು, ಭಾನುಪ್ರಿಯಾಳ ಹಿಂದೆ ಅವಳ ಆಫೀಸಿನವರು. ವರ್ಷ ತಿರುಗುವುದರೊಳಗೆ ಹದಿನಾಲ್ಕು ಜನ. ಎಲ್ಲ ಸಾಫ್ಟ್‌ವೇರಿನವರು, ಎಲ್ಲರ ಮಣಿಕಟ್ಟಿನಲ್ಲೂ ಎದೆಬಡಿತದಿಂದ ಹಿಡಿದು ನಿದ್ದೆಯವರೆಗೆ ಅಳೆಯುವ ವಾಚು. ತಾಕ್ ಅವನ್ನೆಲ್ಲ ಬಿಚ್ಚಿಸಿ ಒಂದು ಇಸ್ತ್ರಿ ಅಂಗಿಯ ಚೀಲದಲ್ಲಿ ಹಾಕಿಸಿಕೊಳ್ಳುತ್ತಿದ್ದರು. ತಮಗೆ ವಾಚೇ ಇರಲಿಲ್ಲ. ಓಡುತ್ತ ಕೊರಿಯನ್ ಭಾಷೆಯಲ್ಲಿ ಮೆಲ್ಲಗೆ ಹೆಜ್ಜೆ ಎಣಿಸುವರು. ಒಂದು ಕಿಲೋಮೀಟರು ಮುಗಿದೊಡನೆ “ಏಳು ನಿಮಿಷ ಹತ್ತು” ಎನ್ನುವರು. ಕದ್ದು ಫೋನು ನೋಡಿದವರಿಗೆ ಏಳು ಹತ್ತೇ ಕಾಣಿಸುತ್ತಿತ್ತು.

“ಇದೇ ನನ್ನ ಕೆಲಸವಾಗಿತ್ತು, ಪೇಸ್‌ಮೇಕರ್,” ಎಂದು ಅವರು ಒಮ್ಮೆ ಬೆಂಚಿನ ಮೇಲೆ ಕೂತು ನೀಲಗಂಗಾಳಿಗೆ ಹೇಳಿದ್ದರು. ಕೊರಿಯಾದಲ್ಲಿ ಅವರು ಕೆಲಸಕ್ಕಿದ್ದ ಕಂಪನಿಯ ಓಟದ ತಂಡದಲ್ಲಿ ಗೆಲ್ಲಬೇಕಾದವನು ಯೋಮ್. ತಾಕ್ ಅವನ ಮುಂದೆ ಓಡಬೇಕು. ಗಾಳಿಯನ್ನು ಎದೆಗೊಡ್ಡಿ, ಒಂದೇ ವೇಗ ಹಿಡಿದು, ಮೂವತ್ತು ಕಿಲೋಮೀಟರಿನವರೆಗೆ ಅವನನ್ನು ಕರೆದುಕೊಂಡು ಹೋಗಿ ಎಡಕ್ಕೆ ಸರಿದು ನಿಲ್ಲಬೇಕು. ಉಳಿದ ಹನ್ನೆರಡು ಅವನದು, ಹೆಸರೂ ಅವನದು. ಹೀಗೆ ಹತ್ತೊಂಬತ್ತು ಮ್ಯಾರಥಾನ್. ಒಂದನ್ನೂ ಮುಗಿಸಲಿಲ್ಲ.

“ಮುಗಿಸಬೇಕು ಅನ್ನಿಸಲಿಲ್ಲವೇ?”

“ಅದು ಬೇರೆಯವರ ಕೆಲಸ.”

ಅದರಲ್ಲಿ ನೋವಾಗಲಿ ಬಿಂಕವಾಗಲಿ ಇರಲಿಲ್ಲ. ಗುಂಪಿನೊಂದಿಗೆ ದೂರದ ಓಟಕ್ಕೆ ಹೋದಾಗಲೂ ಅವರು ಹಾಗೇ ಮಾಡುತ್ತಿದ್ದರು. ಮೊದಲ ವರ್ಷಗಳಲ್ಲಿ ಓಡುತ್ತ, ಮಂಡಿ ಕೈಕೊಟ್ಟ ಮೇಲೆ ಸೈಕಲ್ಲಿನಲ್ಲಿ. ಹದಿನೆಂಟನೆಯ ಮೈಲಿಯ ಹತ್ತಿರ, ಅಂದರೆ ಮೂವತ್ತು ಕಿಲೋಮೀಟರಿನ ಆಸುಪಾಸು, ಎಡಕ್ಕೆ, ಹುಲ್ಲಿನ ಮೇಲೆ ಸರಿದು, ಹಿಂದೆ ತಿರುಗದೆ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿಯುವರು. ಕೊನೆಯವನು ದಾಟುವವರೆಗೂ ಆ ಕೈ ಇಳಿಯುತ್ತಿರಲಿಲ್ಲ. ನೀಲಗಂಗಾ ಶಿಕಾಗೋದಲ್ಲಿ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ ದಿನವೂ ಅವರು ಅಂತಿಮ ಗೆರೆಯ ಹತ್ತಿರ ಬರಲಿಲ್ಲ.

*

ಹತ್ತೂವರೆಗೆ ಕನ್ನಡದವರೆಲ್ಲ ಬಂದು ಸೇರಿದರು. ಬಿಳಿ ಹಾಕಿಕೊಳ್ಳಬೇಕೋ ಕಪ್ಪೋ ಎಂದು ವಾಟ್ಸಾಪಿನಲ್ಲಿ ಎರಡು ದಿನ ಚರ್ಚೆಯಾಗಿ, ಅರ್ಧ ಜನ ಬಿಳಿ, ಅರ್ಧ ಜನ ಕಪ್ಪು ಹಾಕಿಕೊಂಡು ಬಂದಿದ್ದರು. ಕೊರಿಯಾದವರು ಒಬ್ಬೊಬ್ಬರಾಗಿ ಬಿಳಿ ಸೇವಂತಿಗೆ ಇಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿ ಹೋಗುತ್ತಿದ್ದರು. ನಮ್ಮವರು ಕೈ ಮುಗಿಯುವುದೋ ಬಗ್ಗುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದರು. ವಿಜಯ್ ಕುಮಾರ್ ಚೀಲದಿಂದ ಗಂಧದ ಹಾರ ತೆಗೆದು ಫೋಟೋಕ್ಕೆ ಹಾಕಿಯೇಬಿಟ್ಟರು. ಮಿನಾ ಅದನ್ನು ಮೂಸಿ ನೋಡಿ, ಆ ದಿನ ಮೊದಲ ಬಾರಿಗೆ ನಕ್ಕಳು.

ಭಾನುಪ್ರಿಯಾ ಪಿಸುಗುಟ್ಟಿದಳು: “ಮೇಡಂ, ಪಕ್ಕದ ರೂಮಲ್ಲಿ ಊಟ ಇಟ್ಟಿದಾರೆ. ಬಂದೋರು ಊಟ ಮಾಡದೇ ಹೋದ್ರೆ ಸತ್ತೋರಿಗೆ ಅವಮಾನವಂತೆ. ನಮ್ಮಲ್ಲಿ ನೋಡಿದ್ರೆ ಇಂಥ ಕಡೆ ಒಂದು ಲೋಟ ನೀರೂ ಮುಟ್ಟಲ್ಲ. ಏನ್ ಮಾಡೋದು?”

“ಉಣ್ಣು. ಮನಿಗೆ ಹೋಗಿ ತಲಿಮ್ಯಾಲೆ ನೀರ ಹಾಕ್ಕೊಂಡ್ರಾತು.”

“ಬೀಫ್ ಸೂಪಂತೆ ಮೇಡಂ.”

“ನಮಗಂತ ಬ್ಯಾರೆ ಮಾಡಿಸ್ಯಾಳ ಮಿನಾ. ಅನ್ನ, ಮೊಳಕಿಕಾಳು. ಮಾಸ್ತರು ಯಾವತ್ತೋ ಹೇಳಿಟ್ಟಿದ್ರಂತ, ನನ್ನ ಓಟದವ್ರು ಮಾಂಸ ತಿನ್ನೂದಿಲ್ಲ ಅಂತ.”

ಅವರಿಗೆ ಇವರ ಊಟದ ಬಗ್ಗೆ ಕೂಡ ಸರಿಯಾಗಿ ಗೊತ್ತಿತ್ತು. ಇವರು ಅವರ ಬಗ್ಗೆ ಒಂದು ಸಾಲು ಸರಿಯಾಗಿ ಬರೆಯಲಿಲ್ಲ.

ವಿಜಯ್ ಕುಮಾರ್ ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದು ಕನ್ನಡಕ ಏರಿಸಿದರು. ನೀಲಗಂಗಾ ಅಂಚಿನ ಬಳ್ಳಿ ಚಿತ್ತಾರದಿಂದಲೇ ಆ ಕಾಗದವನ್ನು ಗುರುತಿಸಿದಳು. ಸನ್ಮಾನದ ದಿನದ ಮಾನಪತ್ರ.

“ಅದ್ಯಾಕ್ರಿ ತಂದೀರಿ?”

“ಮಿನಾ ಎರಡು ಮಾತಾಡಿ ಅಂದ್ರು. ನೀವು ಎಷ್ಟ್ ಚೆನ್ನಾಗಿ ಬರ್ದಿದೀರಾ, ಇದನ್ನೇ ಇಂಗ್ಲಿಷಲ್ಲಿ ಹೇಳಿಬಿಡ್ತೀನಿ.”

“ಅದನ್ನ ಓದಬ್ಯಾಡ್ರಿ. ಅದು ಸುಳ್ಳ ಐತಿ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ.”

“ಮೇಡಂ, ಸತ್ತೋರ ಮುಂದೆ ಯಾರಾದ್ರೂ ರೆಕಾರ್ಡ್ ಚೆಕ್ ಮಾಡ್ತಾರಾ? ನಾಲ್ಕು ಒಳ್ಳೇ ಮಾತು.”

“ಒಳ್ಳೇ ಮಾತಂದ್ರ ಸುಳ್ಳ ಮಾತೇನ್ರಿ? ಆ ಪದಕದ ಮಾಲೀಕರು ಇಲ್ಲೇ ಬಂದು ಕೂಡ್ತಾರ!”

ದನಿ ಏರಿತು. ಮುಂದಿನ ಸಾಲಿನ ಕೊರಿಯಾದ ಮುದುಕಿಯೊಬ್ಬಳು ಹಿಂದೆ ತಿರುಗಿ ನೋಡಿದಳು. ವಿಜಯ್ ಕುಮಾರ್ ಅವಳಿಗೊಂದು ನಮಸ್ಕಾರ ಹಾಕಿ, ಕಾಗದವನ್ನು ಮತ್ತೆ ಜೇಬಿಗಿಳಿಸಿದರು. ಓದುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

*

ಮಾನಪತ್ರವನ್ನು ಅವಳು ಮೊದಲು ಸರಿಯಾಗಿಯೇ ಬರೆದಿದ್ದಳು. ಎರಡು ವರ್ಷದ ಹಿಂದಿನ ರಾಜ್ಯೋತ್ಸವ. ‘ಮೂವತ್ತು ಕಿಲೋಮೀಟರು ಮುಂದೆ ಓಡಿ, ಹಿಂದೆ ಬಂದವರಿಗೆ ದಾರಿ ಬಿಟ್ಟುಕೊಟ್ಟವರು’ ಎಂದು. ಬರೆದಾಗ ಅವಳಿಗೇ ಹೆಮ್ಮೆಯಾಗಿತ್ತು. ವಿಜಯ್ ಕುಮಾರ್ ಫೋನಿನಲ್ಲಿ ಕೇಳಿ ರಾಗ ಎಳೆದರು.

“ಮೇಡಂ, ಇದರರ್ಥ ಅರ್ಧಕ್ಕೆ ಬಿಟ್ರು ಅಂತ ತಾನೆ? ಅರ್ಧಕ್ಕೆ ಬಿಟ್ಟೋರಿಗೆ ಪೇಟ ಶಾಲು ಯಾಕೆ ಅಂತ ಜನ ಕೇಳಲ್ವಾ? ಆ ಟೀಮಿಗೆ ಯಾವ್ದೋ ಮೆಡಲ್ ಬಂದಿತ್ತು ಅಂದ್ರಲ್ಲ, ಅದನ್ನೇ ಹಾಕಿ. ಮಾನಪತ್ರ ಅಂದ್ಮೇಲೆ ಸ್ವಲ್ಪ ಉಪ್ಪು ಖಾರ ಬೇಕು.”

ಅವಳಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಮಾನಪತ್ರ ಅಂದರೆ ಹಾಗೇ ಅಲ್ಲವೇ? ಅವಳ ಊರು ಗಜೇಂದ್ರಗಡದಲ್ಲಿ ನಿವೃತ್ತರಾದ ಪೋಸ್ಟ್ ಮಾಸ್ತರನೂ ಮಾನಪತ್ರದಲ್ಲಿ ಕರ್ಮಯೋಗಿಯಾಗಿದ್ದ, ಹಾಲಿನ ಡೇರಿಯ ಕಾರ್ಯದರ್ಶಿ ಅಭಿನವ ಭಗೀರಥನಾಗಿದ್ದ. ಕೂತವರು ಚಪ್ಪಾಳೆ ಹೊಡೆದು ಊಟಕ್ಕೆ ಏಳುತ್ತಿದ್ದರು. ಅದನ್ನು ನಿಜವೆಂದು ನಂಬಿದವರೂ ಇರಲಿಲ್ಲ, ಸುಳ್ಳೆಂದು ಜಗಳ ತೆಗೆದವರೂ ಇರಲಿಲ್ಲ. ಮದುವೆಯಲ್ಲಿ ಎರಡು ಹೋಳಿಗೆ ಹೆಚ್ಚು ಬಡಿಸಿದ ಹಾಗೆ, ಅಷ್ಟೇ.

ವೇದಿಕೆಯ ಮೇಲೆ ತಾಕ್ ಅವರಿಗೆ ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟು, ಫಲಕ ಕೈಗೆ ಕೊಟ್ಟರು. ಇಂಗ್ಲಿಷಿನ ಸಾಲು ಓದಿದ್ದೇ ತಡ ಅವರು ಎದ್ದು ನಿಂತು ಮೈಕಿನ ಕಡೆ ಕೈ ಚಾಚಿದರು. “ನೋ ಮೆಡಲ್,” ಎಂದರು. “ನನಗೆ ಪದಕ ಇಲ್ಲ.” ಸಭೆಯೆಲ್ಲ ಎದ್ದು ನಿಂತಿತು. ಎಂಥ ವಿನಯ, ಎಂಥ ದೊಡ್ಡ ಗುಣ! ಅವರು ಇಲ್ಲ ಇಲ್ಲ ಎಂದು ತಲೆ ಆಡಿಸಿದಷ್ಟೂ ಚಪ್ಪಾಳೆ ಜೋರಾಯಿತು. ಕಡೆಗೆ ಅವರು ಸೋತು, ಬಗ್ಗಿ ನಮಸ್ಕರಿಸಿ ಕೂತರು. ಪೇಟ ಜಾರಿ ಹುಬ್ಬಿನ ಮೇಲೆ ಬಂದಿತ್ತು.

ಅಪ್ಪನ ಬಾಯಿಂದ ಆ ಹಳೆಯ ಓಟಗಳ ಒಂದು ಮಾತೂ ಕೇಳಿರದ ಮಿನಾ ಹಿಗ್ಗಿ, ಆ ಚಿತ್ರವನ್ನು ಕೊರಿಯಾದವರ ವಾರಪತ್ರಿಕೆಗೆ ಕಳಿಸಿದಳು. ಪದಕ ಇಲ್ಲ ಎಂದು ತಾಕ್ ಮಗಳಿಗೂ ಹೇಳಿದರಂತೆ. ಅವಳೂ ಅದನ್ನು ಅಪ್ಪನ ವಿನಯ ಎಂದೇ ತಿಳಿದಳು. ಪತ್ರಿಕೆ ಓಕ್ ಬ್ರೂಕ್‌ಗೂ ಹೋಯಿತು. ಯೋಮ್ ಫೋನ್ ಮಾಡಿ ಒಂದೇ ಮಾತು ಹೇಳಿ ಇಟ್ಟರು. ಏನು ಹೇಳಿದರೆಂದು ತಾಕ್ ಯಾರಿಗೂ ತಿಳಿಸಲಿಲ್ಲ. ಆದರೆ ಅವರು ಭಾನುವಾರ ಕೊರಿಯಾದವರ ಚರ್ಚಿಗೆ ಹೋಗುವುದನ್ನು ಬಿಟ್ಟರು.

ಮೂರು ವಾರದ ಮೇಲೆ ಅವರು ಫಲಕವನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೀಲಗಂಗಾಳ ಮನೆಗೆ ತಂದರು. ಜೊತೆಗೆ ರಸೀತಿ ಪುಸ್ತಕದಿಂದ ಹರಿದ ಒಂದು ಚೀಟಿ. ಏನು ಕೆತ್ತಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರು: ‘ತಾಕ್ ಮ್ಯೊಂಗ್‌ಗು. ಪೇಸ್‌ಮೇಕರ್. 35 ಕಿ.ಮೀ.’

“ಸರಿ ಮಾಡು, ನೀಲಾ.”

“ಮಾಡಿಸುತ್ತೇನೆ ಮಾಸ್ತರ್,” ಎಂದಿದ್ದಳು. ಹೊಸದು ಬರುವವರೆಗೆ ಇದು ನಿಮ್ಮಲ್ಲೇ ಇರಲಿ, ಕೊಟ್ಟಿದ್ದನ್ನು ವಾಪಸು ತಗೊಂಡರೆ ನಮ್ಮಲ್ಲಿ ಒಳ್ಳೆಯದಲ್ಲ ಎಂದು ಫಲಕವನ್ನು ಅವರ ಕೈಗೇ ಕೊಟ್ಟು ಕಳಿಸಿದಳು. ಮೂವತ್ತು ಎನ್ನುವ ಕಡೆ ಮುದುಕರು ಮೂವತ್ತೈದು ಬರೆದಿದ್ದಾರೆ, ಆಮೇಲೆ ಕೇಳಿದರಾಯಿತು ಎಂದುಕೊಂಡು ಚೀಟಿಯನ್ನು ಮಸಾಲೆ ಡಬ್ಬಿಯ ಡ್ರಾಯರಿನಲ್ಲಿಟ್ಟಳು. ವಿಜಯ್ ಕುಮಾರ್, ಊರಿಂದ ಯಾರಾದರೂ ಬರುವಾಗ ತರಿಸೋಣ ಎಂದರು. ಯುಗಾದಿ ಹೋಯಿತು, ಗಣೇಶ ಹೋಯಿತು, ಮತ್ತೊಂದು ರಾಜ್ಯೋತ್ಸವವೂ ಹೋಯಿತು. ತಾಕ್ ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಯೋಮ್ ಅವರಿಗೆ ತಾನೇ ಒಂದು ಫೋನ್ ಮಾಡಿ ತಪ್ಪು ನನ್ನದು ಎನ್ನಬಹುದಿತ್ತು. ನಂಬರು ಕೂಡ ಇತ್ತು. ನಾಚಿಕೆಯಿಂದ ಅದನ್ನೂ ಮಾಡಲಿಲ್ಲ.

ಮಂಗಳವಾರ ಸುದ್ದಿ ಬಂದಾಗ ಅವಳು ಮೊದಲು ಎಳೆದದ್ದು ಆ ಡ್ರಾಯರನ್ನು. ಚೀಟಿಗೆ ಅರಿಸಿನ ಹತ್ತಿತ್ತು.

*

ಯೋಮ್ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದರು. ತೆಳ್ಳನೆಯ ಉದ್ದ ಮನುಷ್ಯ, ಬೆನ್ನು ಇನ್ನೂ ನೇರ. ಕಾರು ಓಡಿಸಿಕೊಂಡು ಬಂದ ಸೊಸೆ ಹೊರಗೇ ಉಳಿದಿದ್ದಳು. ಅವರು ಯಾರನ್ನೂ ನೋಡದೆ ನೇರ ಮುಂದೆ ಹೋಗಿ ಸೇವಂತಿಗೆ ಕೈಗೆತ್ತಿಕೊಂಡರು. ಗಂಧದ ಹಾರ ನೋಡಿ ಸ್ವಲ್ಪ ತಡೆದರು. ಆಮೇಲೆ ಫಲಕ ಕಂಡಿತು. ಬಗ್ಗಿ, ಇಂಗ್ಲಿಷಿನ ಸಾಲಿನ ಮೇಲೆ ಬೆರಳಿಟ್ಟು ಓದಿದರು.

ಹೂವನ್ನು ಇಡಲಿಲ್ಲ. ನಮಸ್ಕಾರವನ್ನೂ ಮಾಡಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಹೊರಟರು.

ಮಿನಾ “ಅಂಕಲ್” ಎಂದು ಕರೆದದ್ದು ಅವರಿಗೆ ಕೇಳಿಸಲಿಲ್ಲವೋ ಏನೋ. ನೀಲಗಂಗಾ ಸಾಲು ಕುರ್ಚಿಗಳ ನಡುವೆ ನುಸುಳಿ ಹೊರಗೆ ಬಂದಾಗ ಅವರು ಪಾರ್ಕಿಂಗ್ ಲಾಟ್‌ನ ಅರ್ಧ ದಾಟಿದ್ದರು. ಎಪ್ಪತ್ತೇಳರ ಮುದುಕನ ನಡಿಗೆ ಎಂದು ಹೇಳುವ ಹಾಗಿರಲಿಲ್ಲ. ಅವಳು ಹೀಲಿನ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಒದ್ದೆ ಡಾಂಬರು ಅಂಗಾಲಿಗೆ ಕೊರೆಯಿತು. ಹತ್ತು ಹೆಜ್ಜೆಗೇ ಉಸಿರು ಕಟ್ಟಿತು. ತುಂಬಾ ಜೋರು, ತುಂಬಾ ಜೋರು. ಅವಳು ಹೆಜ್ಜೆ ಸಣ್ಣ ಮಾಡಿ, ಭುಜ ಸಡಿಲ ಬಿಟ್ಟು, ಹೇಳಿಕೊಟ್ಟ ಹಾಗೆ ಓಡಿದಳು. ಸೊಸೆ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಮುಟ್ಟಿದಳು.

“ಅವರು ಹೇಳಿದ್ದಲ್ಲ. ಅದನ್ನು ಬರೆದವಳು ನಾನು,” ಎಂದಳು ಇಂಗ್ಲಿಷಿನಲ್ಲಿ.

ಯೋಮ್ ಅವಳ ಬರಿಗಾಲು ನೋಡಿದರು.

“ಅವರು ವೇದಿಕೆಯ ಮೇಲೇ ಇಲ್ಲ ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಸರಿ ಮಾಡು ಅಂತ ನನ್ನ ಮನೆಗೆ ಬಂದು ಕೊಟ್ಟರು. ನಾನು ಮಾಡಲಿಲ್ಲ.”

“ಎರಡು ವರ್ಷ,” ಎಂದರು ಯೋಮ್. ಅವರ ಇಂಗ್ಲಿಷ್ ತಾಕ್ ಅವರದಕ್ಕಿಂತ ನೇರವಾಗಿತ್ತು. “ಅವನು ಹನ್ನೊಂದು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ. ಇವತ್ತು ಬಂದು ಹೇಳುತ್ತೀಯಾ? ಇವತ್ತು?”

ಕಣ್ಣಲ್ಲಿ ನೀರು ಬಂದದ್ದಕ್ಕೂ ಅವಳಿಗೆ ತನ್ನ ಮೇಲೇ ರೇಗಿತು. ಪರ್ಸಿನಿಂದ ಚೀಟಿ ತೆಗೆದು ಕೊಟ್ಟಳು. “ಇದು ಅವರೇ ಬರೆದದ್ದು. ಇದನ್ನೇ ಕೆತ್ತಿಸಬೇಕಿತ್ತು. ಮೂವತ್ತೈದು ಅಂತ ತಪ್ಪಿ ಬರೆದಿದ್ದಾರೆ. ಅವರು ಯಾವಾಗಲೂ ಮೂವತ್ತು ಅನ್ನುತ್ತಿದ್ದರು.”

ಯೋಮ್ ಚೀಟಿಯನ್ನು ದೂರ ಹಿಡಿದು ಓದಿದರು. ಇನ್ನೊಮ್ಮೆ ಓದಿದರು. ಸೇವಂತಿಗೆ ಹಿಡಿದ ಕೈ ಕಾರಿನ ಮೇಲೆ ಊರಿಕೊಂಡಿತು.

“ತಪ್ಪಿಲ್ಲ,” ಎಂದರು.

ಸೊಸೆ ಏನೋ ಕೇಳಿದಳು. ಅವರು ಕೈಸನ್ನೆಯಿಂದ ಸುಮ್ಮನಿರಿಸಿದರು.

“ಆ ಕಂಚಿನ ಓಟದಲ್ಲೂ ಮೂವತ್ತಕ್ಕೆ ಅವನು ಸರಿಯಬೇಕಿತ್ತು. ಅದು ತಂಡದ ಆಜ್ಞೆ. ನನ್ನ ಕಾಲು ಅಷ್ಟು ಹೊತ್ತಿಗೇ ಮುಗಿದಿತ್ತು. ಹೋಗಬೇಡ ಅಂದೆ. ಅವನು ಹೋಗಲಿಲ್ಲ. ಮೂವತ್ತೈದರವರೆಗೆ ನನ್ನನ್ನು ಎಳೆದುಕೊಂಡು ಹೋದ. ಆಗ ನಮ್ಮ ಮುಂದೆ ಇಬ್ಬರೇ ಇದ್ದರು. ಹಿಂದೆ ಯಾರೂ ಇರಲಿಲ್ಲ. ಅವನ ಉಸಿರು ನನಗೆ ಕೇಳುತ್ತಿತ್ತು, ಆಗ ತಾನೇ ಶುರು ಮಾಡಿದವನ ಹಾಗೆ. ಅವನು ಓಡಿದ್ದರೆ ಕಂಚು ಅವನದು.” ಚೀಟಿಯ ಅಂಕಿಯನ್ನು ಹೆಬ್ಬೆರಳಿನಿಂದ ಸವರಿದರು. “ಎಡಕ್ಕೆ ಸರಿದ. ಆಜ್ಞೆ ಮೀರಿದ್ದಕ್ಕೆ ಅವನನ್ನು ತಂಡದಿಂದ ತೆಗೆದರು. ಮೂವತ್ತರಿಂದ ನಾನೊಬ್ಬನೇ ಓಡಿದೆ ಅಂತ ನಾನು ಪತ್ರಿಕೆಯವರಿಗೆ ಹೇಳಿದೆ. ಐವತ್ತು ವರ್ಷ ಹಾಗೇ ಹೇಳಿಕೊಂಡು ಬಂದೆ. ಅವನೂ ಮೂವತ್ತೇ ಅನ್ನುತ್ತಿದ್ದನೇ?”

“ಯಾವಾಗಲೂ.”

ಯೋಮ್ ಅವರ ಮುಖ ಕಿವುಚಿಕೊಂಡಿತು. ಅದು ಅಳುವೋ ಸಿಟ್ಟೋ ಅವಳಿಗೆ ತಿಳಿಯಲಿಲ್ಲ. ಅವಳಿಗಂತೂ ಸಿಟ್ಟೇ ಬಂತು. ಈ ಮನುಷ್ಯನ ಮೇಲೆ, ತನ್ನ ಮೇಲೆ, ಒಂದು ಮಾತು ಗಟ್ಟಿಯಾಗಿ ಆಡದೆ ಗೋಡೆಗೆ ಫಲಕ ತಿರುಗಿಸಿಟ್ಟುಕೊಂಡು ಕೂತ ಮಾಸ್ತರ ಮೇಲೆ ಕೂಡ.

“ಒಳಗೆ ಬನ್ನಿ. ಮಗಳಿಗೆ ನೀವೇ ಹೇಳಿ,” ಎಂದಳು. “ನನಗೆ ಆಗುವುದಿಲ್ಲ.”

ಅವರು ಒಳಗೆ ಬಂದರು. ಮಿನಾಳನ್ನು ಮೂಲೆಗೆ ಕರೆದು ಕೊರಿಯನ್ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಮಿನಾ ಒಮ್ಮೆ ತಲೆ ಎತ್ತಿ ನೀಲಗಂಗಾಳನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಆಮೇಲೆ ಅವಳು ಹೋಗಿ ಫಲಕವನ್ನು ಎರಡು ಕೈಯಿಂದ ಹಿಡಿದು, ಅಪ್ಪ ಇಡುತ್ತಿದ್ದ ಹಾಗೆ, ಗೋಡೆಗೆ ಮುಖ ಮಾಡಿ ಇಟ್ಟಳು. ಯೋಮ್ ಅರಿಸಿನದ ಚೀಟಿಯನ್ನು ಫೋಟೋದ ಚೌಕಟ್ಟಿಗೆ, ಕಪ್ಪು ಪಟ್ಟಿಯ ಕೆಳಗೆ ಸಿಕ್ಕಿಸಿದರು. ಸೇವಂತಿಗೆ ಇಟ್ಟು, ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಏಳಲು ಭಾನುಪ್ರಿಯಾ ಕೈ ಕೊಡಬೇಕಾಯಿತು.

ಪಾದ್ರಿಯ ಪ್ರಾರ್ಥನೆಯಾದ ಮೇಲೆ ಎರಡು ಮಾತಾಡಲು ವಿಜಯ್ ಕುಮಾರ್ ಅವರನ್ನು ಕರೆದರು. ಅವರು ಮೈಕಿನ ಮುಂದೆ ಹೋಗಿ ಜೇಬಿಗೆ ಕೈ ಹಾಕಿದರು. ಗೋಡೆಗೆ ತಿರುಗಿದ ಫಲಕ ನೋಡಿದರು. ಕೈ ಖಾಲಿಯೇ ಹೊರಗೆ ಬಂತು.

“ಅವರು ನಮಗೆ ನಿಧಾನವಾಗಿ ಓಡುವುದನ್ನು ಕಲಿಸಿದರು,” ಎಂದರು ಇಂಗ್ಲಿಷಿನಲ್ಲಿ. ಮುಂದೇನೂ ಹೊಳೆಯದೆ ಹಾಗೇ ನಿಂತು, ಕೈ ಮುಗಿದು ಬಂದು ಕೂತರು. ಮೈಕು ಸಿಕ್ಕ ಮೇಲೆ ಅವರು ಇಷ್ಟು ಬೇಗ ಇಳಿದದ್ದನ್ನು ಬಳಗದವರು ಯಾವತ್ತೂ ಕಂಡಿರಲಿಲ್ಲ.

*

ಸ್ಮಶಾನದಲ್ಲಿ ಹುಲ್ಲು ಒದ್ದೆಯಾಗಿತ್ತು. ಪೆಟ್ಟಿಗೆಯನ್ನು ಅಪ್ಪನ ಓಟದವರೇ ಹೊರಲಿ ಎಂದಳು ಮಿನಾ. ಹೇಳುವಾಗ ನೀಲಗಂಗಾಳ ಕಡೆ ನೋಡಲಿಲ್ಲ, ಆದರೆ ಅವಳ ಹೆಸರನ್ನು ಬಿಡಲೂ ಇಲ್ಲ. ಹೆಂಗಸರು ಹೊರಬಹುದೋ ಎಂದು ಯಾರೋ ಹಿಂದೆ ಗೊಣಗಿದರು. “ಹೊರ್ಲಿ ಬಿಡ್ರೀ,” ಎಂದರು ವಿಜಯ್ ಕುಮಾರ್, ತಾವೂ ಒಂದು ಹಿಡಿಕೆಗೆ ಕೈ ಹಾಕುತ್ತ. ನೀಲಗಂಗಾ ಮುಂದಿನ ಎಡಗಡೆಯ ಹಿಡಿಕೆ ಹಿಡಿದಳು. ಭಾರ ಬೆರಳಿಗೆ ಕಚ್ಚಿತು.

ದಾರಿ ನೂರು ಗಜವಿರಬಹುದು. ಯೋಮ್ ಯಾರನ್ನೂ ಕೇಳದೆ ಪೆಟ್ಟಿಗೆಯ ಮುಂದೆ ಬಂದು ನಿಂತು, ನಡೆಯತೊಡಗಿದರು. ಗಾಳಿ ಎದುರಿನಿಂದ ಬೀಸುತ್ತಿತ್ತು. ಅವರ ಕೋಟು ಪಟಪಟ ಬಡಿಯುತ್ತಿತ್ತು. ಹೆಜ್ಜೆ ಒಂದಿಷ್ಟೂ ಹೆಚ್ಚು ಕಡಿಮೆಯಾಗಲಿಲ್ಲ. ಹೊತ್ತ ಆರು ಜನರ ಕಾಲೂ ತಾನಾಗಿಯೇ ಆ ಹೆಜ್ಜೆಗೆ ಹೊಂದಿಕೊಂಡಿತು. ಅವರು ಮೆಲುದನಿಯಲ್ಲಿ ಏನೋ ಹೇಳುತ್ತಿದ್ದರು. ಪ್ರಾರ್ಥನೆ ಇರಬೇಕೆಂದುಕೊಂಡಿದ್ದ ನೀಲಗಂಗಾಳಿಗೆ ಸ್ವಲ್ಪ ದೂರ ನಡೆದ ಮೇಲೆ ಗೊತ್ತಾಯಿತು. ಮಾಸ್ತರು ಎಣಿಸುತ್ತಿದ್ದ ಅದೇ ಕೊರಿಯನ್ ಲೆಕ್ಕ.

ತೋಡಿದ ಗುಂಡಿ ಇನ್ನು ಹತ್ತು ಹೆಜ್ಜೆ ಇರುವಾಗ ಎಣಿಕೆ ನಿಂತಿತು. ಯೋಮ್ ಎಡಕ್ಕೆ, ಒದ್ದೆ ಹುಲ್ಲಿನ ಮೇಲೆ ಸರಿದರು. ಹಿಂದೆ ತಿರುಗಲಿಲ್ಲ. ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದರು. ಪೆಟ್ಟಿಗೆ ಅವರ ಪಕ್ಕದಿಂದ ಹಾದು ಮುಂದೆ ಹೋಯಿತು. ಕೊನೆಯ ಹಿಡಿಕೆ ಹಿಡಿದ ಭಾನುಪ್ರಿಯಾ ದಾಟಿದ ಮೇಲೂ ಆ ಕೈ ಇಳಿಯಲಿಲ್ಲ.